ಫ್ಯಾನ್ ಗಾಳಿಗೆ ಬೀಳದ ಕುದುರೆ ಸವಾರರು

ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಆರಿಸಿ ಕೂರೋದಕ್ಕೆ ಆಗುವುದಿಲ್ಲ. ಇಷ್ಟು ಸಣ್ಣ ವಿಷಯ ಮೊದಲೇ ಹೊಳೆದಿದ್ದರೆ ನನ್ನ ನಾಲ್ಕು ದಿನದ ಕೆಲಸ ಉಳಿಯುತ್ತಿತ್ತು.

ಅಕ್ಕನ ಮಗ ಬೇಸಿಗೆ ರಜೆಗೆ ಬಂದಿದ್ದ. ವಯಸ್ಸು 12. ಮೊಬೈಲ್ ಕಿತ್ತುಕೊಂಡರೆ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಾನೆ, ಕೊಟ್ಟರೆ ಊಟಕ್ಕೂ ಏಳುವುದಿಲ್ಲ. "ಏನಾದ್ರೂ ಮಾಡೋ, ನಿನ್ನ ಅಳಿಯ ಅಲ್ವಾ" ಅಂತ ಅಕ್ಕ ಫೋನಿನಲ್ಲೇ ಕೈ ತೊಳೆದುಕೊಂಡಳು.

ನನ್ನ ಹತ್ತಿರ ಲಯನ್ ರಾಂಪೆಂಟ್ ಅನ್ನೋ ಆಟದ ಪುಸ್ತಕ ಇತ್ತು. ಡೇನಿಯಲ್ ಮರ್ಸಿ ಬರೆದದ್ದು, ಆಸ್ಪ್ರೆ ಪ್ರಕಾಶನ 2014ರಲ್ಲಿ ತಂದದ್ದು. ಯುರೋಪಿನ ಮಧ್ಯಯುಗದ ಯುದ್ಧಗಳನ್ನು ಮೇಜಿನ ಮೇಲೆ ಪುಟ್ಟ ಗೊಂಬೆಗಳಿಟ್ಟು, ದಾಳ ಹಾಕಿ ಆಡುವ ಆಟ. ಈ ಜಾತಿಯ ಆಟಗಳಲ್ಲಿ ಹೊಸಬರಿಗೆ ಕೊಡಬಹುದಾದ ಪುಸ್ತಕ ಇದೇ ಅಂತ ನನ್ನ ಅಭಿಪ್ರಾಯ. ಮಾಮೂಲಿ ಆರು ಮುಖದ ದಾಳ ಸಾಕು, ನಿಯಮಗಳು ಒಂದು ಮಧ್ಯಾಹ್ನದಲ್ಲಿ ಬಾಯಿಗೆ ಬರುತ್ತವೆ. ಪುಸ್ತಕ ಇತ್ತು, ಗೊಂಬೆ ಇರಲಿಲ್ಲ. 28 ಮಿಲಿಮೀಟರ್ ಅಳತೆಯ ಪ್ಲಾಸ್ಟಿಕ್ ಗೊಂಬೆಗಳನ್ನು ಇಂಗ್ಲೆಂಡಿನಿಂದ ತರಿಸಿದರೆ ಗೊಂಬೆ, ಅಂಚೆ, ಸುಂಕ ಎಲ್ಲ ಸೇರಿ ಆಗುವ ದುಡ್ಡನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುವ ಹಾಗಿಲ್ಲ.

ಸರಿ, ಮನೆಯಲ್ಲೇ ಮಾಡೋಣ ಅಂದುಕೊಂಡೆ.

ಎಷ್ಟು ಜನ ಬೇಕು

ಈ ಆಟದಲ್ಲಿ ಒಬ್ಬೊಬ್ಬರಿಗೂ 24 ಅಂಕದ ಪಡೆ. ಅಂಕ ಖರ್ಚು ಮಾಡಿ ತುಕಡಿಗಳನ್ನು ಕೊಳ್ಳಬೇಕು. ಮೈತುಂಬ ಕವಚ ತೊಟ್ಟ ಕುದುರೆ ಸವಾರರ ತುಕಡಿಗೆ 6 ಅಂಕ, ಬಿಲ್ಲುಗಾರರಿಗೆ 4, ಈಟಿ ಹಿಡಿದ ಕಾಲಾಳಿಗೆ 4, ಅತ್ತಿತ್ತ ಓಡಿ ಕಾಟ ಕೊಡುವ ಚಿಲ್ಲರೆ ಪಡೆಗೆ 2. ಸವಾರರಾದರೆ ತುಕಡಿಗೆ 6 ಗೊಂಬೆ, ಬಿಲ್ಲು ಈಟಿಯವರಾದರೆ 12.

ಯುದ್ಧ ಯಾವುದು ಅನ್ನೋದಕ್ಕೆ ಜಾಸ್ತಿ ಯೋಚಿಸಲಿಲ್ಲ. ಅಜಿನ್‌ಕೋರ್ಟ್. 1415ರ ಅಕ್ಟೋಬರ್ 25. ಇಂಗ್ಲೆಂಡಿನ ಐದನೇ ಹೆನ್ರಿ ಒಂದು ಕಡೆ, ಫ್ರಾನ್ಸಿನ ದೊಡ್ಡ ದೊಡ್ಡ ಮನೆತನಗಳೆಲ್ಲ ಇನ್ನೊಂದು ಕಡೆ. ಎರಡು ಕಾಡುಗಳ ನಡುವೆ ಇಕ್ಕಟ್ಟಾದ ಜಾಗ, ಆಗ ತಾನೇ ಉತ್ತ ಹೊಲ, ರಾತ್ರಿಯಿಡೀ ಸುರಿದ ಮಳೆ. ಹೆನ್ರಿಯ ಸೈನ್ಯದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿಲ್ಲುಗಾರರು. ಕೆಸರಲ್ಲಿ ಸಿಕ್ಕಿಬಿದ್ದ ಫ್ರೆಂಚರು ಸೋತರು.

"ನಂಗೆ ಕುದುರೆ ಇರೋರು" ಅಂದ ಅಳಿಯ.

"ಅವರು ಸೋತೋರು ಕಣೋ."

"ಸೋತಿದ್ದು ಅವ್ರು ಮಾಮಾ, ನಾನಲ್ಲ."

ಹಂಚಿಕೆ ಹೀಗೆ ಆಯಿತು. ನನ್ನ ಇಂಗ್ಲಿಷ್ ಕಡೆ ಕವಚದ ಕಾಲಾಳು ಒಂದು ತುಕಡಿ, ಬಿಲ್ಲುಗಾರರು ಮೂರು, ಈಟಿಯವರು ಒಂದು, ಚಿಲ್ಲರೆ ಪಡೆ ಒಂದು. ಒಟ್ಟು 60 ಗೊಂಬೆ. ಅವನಿಗೆ ಸವಾರರು ಎರಡು ತುಕಡಿ, ಈಟಿಯವರು ಎರಡು, ಅಡ್ಡಬಿಲ್ಲಿನವರು (ಕ್ರಾಸ್‌ಬೋ) ಒಂದು. ಒಟ್ಟು 48. ನಿಜವಾದ ಅಜಿನ್‌ಕೋರ್ಟಿನಲ್ಲಿ ಫ್ರೆಂಚ್ ಸರದಾರರಲ್ಲಿ ಬಹುಪಾಲು ಜನ ಕುದುರೆಯಿಂದ ಇಳಿದು ನಡೆದೇ ಬಂದಿದ್ದರು, ಕುದುರೆ ದಾಳಿ ನಡೆದದ್ದು ಎರಡು ಬದಿಗಳಿಂದ ಮಾತ್ರ. ಇದನ್ನು ಅಳಿಯನಿಗೆ ಹೇಳಿದ್ದರೆ ಅವನು ಎದ್ದು ಹೋಗುತ್ತಿದ್ದ. ಹೇಳಲಿಲ್ಲ.

ಒಟ್ಟು 108 ಜನ. 96 ಕಾಲಾಳು, 12 ಕುದುರೆ.

ಲಗ್ನಪತ್ರಿಕೆಯ ಸೈನಿಕರು

ಗಟ್ಟಿ ಕಾರ್ಡು ಬೇಕಿತ್ತು. ನಮ್ಮನೆ ಅಲ್ಮೇರದ ಮೇಲೆ ಹತ್ತು ವರ್ಷದ ಲಗ್ನಪತ್ರಿಕೆಗಳ ಕಟ್ಟು ಇದೆ. ಯಾರೂ ಓದಲ್ಲ, ಯಾರೂ ಎಸೆಯಲ್ಲ. ಸ್ಟೇಷನರಿ ಅಂಗಡಿಯ ಡ್ರಾಯಿಂಗ್ ಕಾರ್ಡಿಗಿಂತ ಅದು ಎಷ್ಟೋ ವಾಸಿ. ದಪ್ಪ, ಬಿರುಸು, ಬೇಗ ಸುರುಳಿ ಸುತ್ತಿಕೊಳ್ಳಲ್ಲ.

ಅಮ್ಮ ಒಂದೇ ಷರತ್ತು ಹಾಕಿದಳು. "ಗಣಪತಿ ಇರೋ ಜಾಗಕ್ಕೆ ಕತ್ರಿ ಹಾಕ್ಬೇಡ್ರೋ." ಹಾಗಾಗಿ ಮೊದಲ ಒಂದು ಗಂಟೆ ಗಣಪತಿ, ವೆಂಕಟೇಶ, ವೀರಭದ್ರರನ್ನೆಲ್ಲ ಬೇರೆ ಮಾಡಿ ಒಂದು ಕವರಿನಲ್ಲಿ ಇಡುವುದರಲ್ಲೇ ಹೋಯಿತು. ಉಳಿದ ಭಾಗ ಯುದ್ಧಕ್ಕೆ.

ಐದು ಚಿತ್ರ ಬರೆದೆ: ಬಿಲ್ಲುಗಾರ, ಅಡ್ಡಬಿಲ್ಲಿನವ, ಈಟಿಯವ, ಕವಚದ ಕಾಲಾಳು, ಸವಾರ. ಚಿಲ್ಲರೆ ಪಡೆಗೆ ಬಿಲ್ಲುಗಾರನ ಚಿತ್ರವೇ, ಟೋಪಿ ಬೇರೆ. ಒಬ್ಬೊಬ್ಬ 30 ಮಿಲಿಮೀಟರ್ ಎತ್ತರ. ಕನ್ನಡಿ ಬಿಂಬದ ಹಾಗೆ ಮುಂದೆ ಹಿಂದೆ ಎರಡು ಚಿತ್ರ ತಲೆಗೆ ತಲೆ ಕೂಡಿಸಿ ಬರೆದು, ಝೆರಾಕ್ಸ್ ಮಾಡಿಸಿ, ಮಡಚಿ, ನಡುವೆ ಲಗ್ನಪತ್ರಿಕೆಯ ಕಾರ್ಡು ಇಟ್ಟು ಅಂಟಿಸುವುದು. ಕಾಲಿನ ಕೆಳಗೆ 8 ಮಿಲಿಮೀಟರ್ ಉದ್ದದ ಬಾಲ ಬಿಡುವುದು, ನಿಲ್ಲಿಸೋದಕ್ಕೆ.

ಇಲ್ಲಿ ಮೊದಲನೇ ತಪ್ಪು. ಅಂಟಿಸಲು ಬಡಗಿಗಳು ಬಳಸುವ ಬಿಳಿ ಅಂಟು ತೊಗೊಂಡೆ. ಅದರಲ್ಲಿ ನೀರಿರುತ್ತದೆ. ಝೆರಾಕ್ಸ್ ಕಾಗದ ನೀರು ಕುಡಿದು ಉಬ್ಬಿತು, ಒಣಗುವಾಗ ಎಳೆಯಿತು. ಸಂಜೆಗೆ ನೋಡಿದರೆ ನನ್ನ ಮೊದಲನೇ ಬಿಲ್ಲುಗಾರರ ತುಕಡಿ ಪೂರ್ತಿ ಹಪ್ಪಳದ ಹಾಗೆ ಬಾಗಿತ್ತು. 12 ಜನರೂ ಹೊಟ್ಟೆನೋವು ಬಂದವರಂತೆ ನಿಂತಿದ್ದರು. ಮಾರನೇ ದಿನ ಮಕ್ಕಳು ಸ್ಕೂಲಿಗೆ ಒಯ್ಯುವ ಗ್ಲೂ ಸ್ಟಿಕ್ ತಂದೆ. ಅದರಲ್ಲಿ ತೇವ ಕಡಿಮೆ. ಅಂಟಿಸಿದ ಮೇಲೆ ಎರಡು ದಪ್ಪ ಪುಸ್ತಕಗಳ ನಡುವೆ ಒಂದು ರಾತ್ರಿ ಇಟ್ಟರೆ ಕಡ್ಡಿಯ ಹಾಗೆ ನೆಟ್ಟಗೆ.

ಬಣ್ಣದ ಕೆಲಸ ಅಳಿಯನದು. ಆಟದ ಹೆಸರಿನಲ್ಲಿರುವ "ರಾಂಪೆಂಟ್" ಅಂದರೆ ಹಿಂಗಾಲ ಮೇಲೆ ಎದ್ದು ನಿಂತ ಸಿಂಹ, ಗುರಾಣಿಗಳ ಮೇಲೆ ಬರೆಯುವ ಒಂದು ಭಂಗಿ. ಸ್ಕಾಟ್ಲೆಂಡಿನ ರಾಜರದ್ದು ಆ ಸಿಂಹ. ಇಂಗ್ಲೆಂಡಿನ ರಾಜನ ಮೂರು ಸಿಂಹಗಳು ಎದ್ದು ನಿಲ್ಲುವುದಿಲ್ಲ, ಒಂದರ ಕೆಳಗೊಂದು ನಡೆಯುತ್ತಿರುತ್ತವೆ. ಇದನ್ನೆಲ್ಲ ವಿವರಿಸಿದೆ. ಅವನು ಆರು ಮಿಲಿಮೀಟರ್ ಗುರಾಣಿಯ ಮೇಲೆ ಸಿಂಹ ಬರೆಯಲು ಅರ್ಧ ಗಂಟೆ ಒದ್ದಾಡಿ, ಕೊನೆಗೆ ತೋರಿಸಿದ. ಇಲಿ ಥರ ಇತ್ತು.

ಆಗ ಗೊತ್ತಾಯಿತು, ಎರಡು ಅಡಿ ದೂರದಿಂದ ಕಣ್ಣಿಗೆ ಕಾಣೋದು ಬಣ್ಣ ಮಾತ್ರ, ಚಿತ್ರ ಅಲ್ಲ. ಇಂಗ್ಲಿಷರಿಗೆ ಬಿಳಿ ಅಂಗಿ, ಎದೆಯ ಮೇಲೆ ಸೇಂಟ್ ಜಾರ್ಜನ ಕೆಂಪು ಶಿಲುಬೆ. ಫ್ರೆಂಚರಿಗೆ ನೀಲಿ. ಅಷ್ಟೇ. ಅರ್ಧ ದಿನದಲ್ಲಿ 108 ಮುಗಿಯಿತು.

ಎರಡನೇ ತಪ್ಪು ಅವನದ್ದೂ ಹೌದು ನನ್ನದೂ ಹೌದು. ಬಣ್ಣ ಹಾಕಿದ್ದು ಸ್ಕೆಚ್ ಪೆನ್ನಿನಲ್ಲಿ. ಬೆವರು ಕೈಗೆ ಬಣ್ಣ ಬಿಡಬಾರದು ಅಂತ ನಾನು ಉಳಿದಿದ್ದ ಬಿಳಿ ಅಂಟನ್ನೇ ನೀರಿಗೆ ಕಲಸಿ ಬ್ರಷ್‌ನಲ್ಲಿ ಸವರಿದೆ. ಕೆಂಪು ಶಿಲುಬೆ ಕುಂಕುಮ ಚೆಲ್ಲಿದ ಹಾಗೆ ಹರಡಿತು. ನಾಲ್ಕು ಜನ ಹಾಳಾಗುವಷ್ಟರಲ್ಲಿ ನಿಲ್ಲಿಸಿದೆ. ಉಳಿದವರಿಗೆಲ್ಲ ಪಾರ್ಸೆಲ್ಲಿಗೆ ಸುತ್ತುವ ಅಗಲವಾದ ಸೆಲ್ಲೋಟೇಪನ್ನು ಎರಡೂ ಕಡೆ ಅಂಟಿಸಿ ಆಮೇಲೆ ಕತ್ತರಿಸಿದೆವು. ಸ್ವಲ್ಪ ಹೊಳೆಯುತ್ತದೆ ನಿಜ. ಆದರೆ ಚಹಾ ಚೆಲ್ಲಿದರೂ ಒರೆಸಿ ಇಡಬಹುದು. ಚೆಲ್ಲಿಯೂ ಆಯಿತು, ಒರೆಸಿಯೂ ಆಯಿತು.

ಫ್ಯಾನ್

ಬುಧವಾರ ಮಧ್ಯಾಹ್ನ ಎಲ್ಲರನ್ನೂ ನಿಲ್ಲಿಸಿದೆ. 25 ಮಿಲಿಮೀಟರಿನ ದುಂಡು ಕಾರ್ಡು, ಅದರಲ್ಲಿ ಸೀಳು, ಸೀಳಿನಲ್ಲಿ ಸೈನಿಕನ ಬಾಲ ತೂರಿಸಿ ಕೆಳಗೆ ಮಡಚಿ ಅಂಟಿಸಿದ್ದು. ಡೈನಿಂಗ್ ಟೇಬಲ್ ಮೇಲೆ ಮೂರು ಸಾಲು ಬಿಲ್ಲುಗಾರರು, ಎದುರಿಗೆ ಕುದುರೆಗಳು. ನಿಜವಾಗಲೂ ಚೆನ್ನಾಗಿತ್ತು. ಫೋಟೋ ತೆಗೆಯೋಣ ಅಂತ ಮೊಬೈಲ್ ಹುಡುಕುತ್ತಿದ್ದೆ.

ಅಪ್ಪ ಊಟಕ್ಕೆ ಬಂದು ಕೂತರು. "ಏನು ಸೆಕೆ" ಅಂತ ಸ್ವಿಚ್ ಹಾಕಿದರು.

ಫ್ರೆಂಚರು ಇಂಗ್ಲಿಷರು ಅನ್ನೋ ಭೇದ ಇಲ್ಲದೆ ಎಲ್ಲರೂ ಹಾರಿದರು. ಇಬ್ಬರು ಸಾರಿನ ಪಾತ್ರೆಯಲ್ಲಿ ಸಿಕ್ಕರು. ಒಂದು ಕುದುರೆ ಎರಡು ದಿನ ಆದ ಮೇಲೆ ಫ್ರಿಜ್ಜಿನ ಹಿಂದೆ ಸಿಕ್ಕಿತು.

"ಯುದ್ಧ ಮುಗೀತೇನಪ್ಪ?" ಅಂದರು ಅಪ್ಪ, ಅನ್ನ ಕಲಸುತ್ತ.

ಒಬ್ಬ ಕಾಗದದ ಸೈನಿಕ ಅರ್ಧ ಗ್ರಾಮಿನಷ್ಟೂ ತೂಗಲ್ಲ. ಆದರೆ ಗಾಳಿಗೆ ಅವನು ಒಂದು ಪುಟ್ಟ ಹಾಯಿ. ಫ್ಯಾನ್ ರೆಗ್ಯುಲೇಟರ್ ಒಂದರಲ್ಲಿದ್ದರೆ ನಡುಗುತ್ತಾನೆ, ಎರಡಕ್ಕೆ ಬೀಳುತ್ತಾನೆ. ನಮಗೆ ಬೇಕಿದ್ದದ್ದು ಐದು. ಸೈನಿಕರ ಬುಡಕ್ಕೆ ಭಾರ ಬೇಕು.

ಅಳಿಯ ಒಂದು ರೂಪಾಯಿ ನಾಣ್ಯ ಅಂಟಿಸೋಣ ಅಂದ. ಕೆಲಸಕ್ಕೇನೋ ಆಗುತ್ತಿತ್ತು. ಆದರೆ ದುಡ್ಡಿಗೆ ಅಂಟು ಮೆತ್ತುವುದು ಅಮ್ಮನಿಗೆ ಸರಿ ಬರಲಿಲ್ಲ, 108 ನಾಣ್ಯ ಕೂಡಿಸುವುದು ನನಗೂ ಬೇಡವಾಗಿತ್ತು. ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ವಾಷರ್ ಬೇಕಿತ್ತು. ಹನ್ನೆರಡು ಎಂಎಂ ಬೋಲ್ಟಿಂದು. ನೂರಿಪ್ಪತ್ತು."

"ಎಣಿಸಿ ಕೊಡಲ್ಲ ಸಾರ್. ತೂಕದ ಲೆಕ್ಕ."

ಒಂದನ್ನು ತಕ್ಕಡಿಗೆ ಹಾಕಿಸಿದೆ. 6 ಗ್ರಾಂ ಚಿಲ್ಲರೆ. ಮುಕ್ಕಾಲು ಕೆಜಿ ಕಟ್ಟಿಸಿಕೊಂಡೆ. ನೂರು ರೂಪಾಯಿ ಒಳಗೇ ಆಯಿತು. "ಏನ್ ಸಾರ್, ಗೇಟಾ?" ಅಂತ ಕೇಳಿದರು. ಹೌದು ಅಂದೆ.

ಎಂ12 ವಾಷರ್ 24 ಮಿಲಿಮೀಟರ್ ಅಗಲ ಇರುತ್ತದೆ. ನಮ್ಮ ದುಂಡು ಕಾರ್ಡಿನಷ್ಟೇ, ಒಂದು ಕೂದಲು ಕಡಿಮೆ. ನಡುವಿನ ತೂತು 13 ಮಿಲಿಮೀಟರ್. ಈ ತೂತನ್ನು ಮೊದಲು ಲೆಕ್ಕಕ್ಕೇ ತೊಗೊಂಡಿರಲಿಲ್ಲ. ಆಮೇಲೆ ಅದೇ ಉಪಯೋಗಕ್ಕೆ ಬಂತು.

ಕಾರ್ಡಿನ ಕೆಳಗೆ ವಾಷರ್ ಅಂಟಿಸಿ ಹನ್ನೆರಡು ಜನರನ್ನು ನಿಲ್ಲಿಸಿದೆ. ಫ್ಯಾನ್ ಮೂರು, ನಾಲ್ಕು, ಐದು. ಯಾರೂ ಬೀಳಲಿಲ್ಲ. ಆದರೆ ಎಲ್ಲರೂ ಹಿಂದಕ್ಕೆ ವಾಲಿದರು. ಬುಡ ಕದಲಲಿಲ್ಲ, ಸೈನಿಕ ಮಾತ್ರ ಪಾದದ ಹತ್ತಿರ ಮಡಚಿಕೊಂಡು ಆಕಾಶ ನೋಡುತ್ತ ನಿಂತ. ಬಾಲವನ್ನು ಮಡಚಿ ಅಂಟಿಸಿದ್ದೆನಲ್ಲ, ಆ ಮಡಿಕೆ ಬಾಗಿಲಿನ ಕೀಲಿನ ಹಾಗೆ ಕೆಲಸ ಮಾಡುತ್ತಿತ್ತು. ಭಾರ ಹಾಕಿದ್ದರಿಂದ ಬೀಳುವ ಜಾಗ ಬದಲಾಯಿತೇ ಹೊರತು ಬೀಳುವುದು ತಪ್ಪಲಿಲ್ಲ.

ಪರಿಹಾರ ಎಂಸೀಲ್. ನೀರಿನ ಟ್ಯಾಂಕಿಗೆ, ಒಡೆದ ಪೈಪಿಗೆ, ಬಕೆಟಿಗೆ ಹಚ್ಚುವ ಅದೇ ಎಂಸೀಲ್. ಬಾಲವನ್ನು ಮಡಚುವುದು ಬಿಟ್ಟೆ. ನೆಟ್ಟಗೆ ಸೀಳಿನಿಂದ ಕೆಳಗಿಳಿಸಿದೆ. ವಾಷರ್ ದಪ್ಪ ಎರಡೂವರೆ ಮಿಲಿಮೀಟರ್, ಬಾಲವನ್ನೂ ಅಷ್ಟಕ್ಕೇ ಕತ್ತರಿಸಿದೆ. ತೂತಿನೊಳಗೆ ಬಾಲ, ಅದರ ಎರಡೂ ಕಡೆ ಬಟಾಣಿ ಗಾತ್ರದ ಎಂಸೀಲ್ ಒತ್ತಿ, ಹೆಬ್ಬೆರಳಿಗೆ ನೀರು ಮುಟ್ಟಿಸಿ ಸಮ ಮಾಡಿದೆ. ಒಣಗಿದ ಮೇಲೆ ಸೈನಿಕನನ್ನು ಹಿಡಿದು ಅಲ್ಲಾಡಿಸಿದರೆ ಕಾರ್ಡೇ ಹರಿಯಬೇಕು, ಬುಡ ಬಿಡಲ್ಲ.

ಒಂದು ಎಚ್ಚರಿಕೆ. ಎಂಸೀಲಿನ ಕಪ್ಪು ಮತ್ತು ಬಿಳಿ ಮುದ್ದೆಗಳನ್ನು ಪೂರ್ತಿ ಒಂದೇ ಬಣ್ಣ ಬರುವ ತನಕ ನಾದಬೇಕು. ಅಳಿಯ ಅವಸರದಲ್ಲಿ ಪಟ್ಟೆಪಟ್ಟೆಯಾಗಿ ಇರುವಾಗಲೇ ಬಳಸಿದ ಎಂಟು ಜನ ಮೂರು ದಿನ ಆದರೂ ಗಟ್ಟಿಯಾಗಲಿಲ್ಲ. ಕೆರೆದು ತೆಗೆದು ಮತ್ತೆ ಹಾಕಿದೆವು. ಇನ್ನೊಂದು, ಒಂದೇ ಸಲ ಜಾಸ್ತಿ ಕಲಸಬಾರದು. ಈ ಸೆಕೆಯಲ್ಲಿ ಹದಿನೈದು ಜನರಿಗೆ ಒತ್ತುವಷ್ಟರಲ್ಲಿ ಮುದ್ದೆ ಬಿರುಸಾಗುತ್ತಿತ್ತು. ಕೈ ತೊಳೆಯದೆ ಯಾರೂ ಮಾವಿನಕಾಯಿಗೆ ಕೈ ಹಾಕಬಾರದು ಅನ್ನೋ ನಿಯಮವೂ ಆಗ ಜಾರಿಗೆ ಬಂತು.

ಕುದುರೆಗಳಿಗೆ 25 ಮಿಲಿಮೀಟರ್ ಅಗಲ, 50 ಉದ್ದದ ಕಾರ್ಡು, ಕೆಳಗೆ ಮುಂದೊಂದು ಹಿಂದೊಂದು ವಾಷರ್. ಕುದುರೆಯ ಚಿತ್ರ ದೊಡ್ಡದು, ಗಾಳಿ ಜಾಸ್ತಿ ಹಿಡಿಯುತ್ತದೆ. ಅದಕ್ಕೆ ಹೊಟ್ಟೆಯ ಕೆಳಗೂ ಹುಲ್ಲು ಬರೆದು ಕಾಲುಗಳ ನಡುವಿನ ಜಾಗ ಕತ್ತರಿಸದೆ ಬಿಟ್ಟೆ. ಕಾಲು ಬೇರೆ ಬೇರೆ ಕತ್ತರಿಸಿದ ಮೊದಲ ಎರಡು ಕುದುರೆ ಈಗಲೂ ಕುಂಟುತ್ತಿವೆ.

ವಾಷರಿನಿಂದ ಇನ್ನೊಂದು ಲಾಭ ಸಿಕ್ಕಿತು. ಮನೆಗೆ ಬರುವ ಜಾಹೀರಾತಿನ ಫ್ರಿಜ್ ಮ್ಯಾಗ್ನೆಟ್ ಪಟ್ಟಿಗಳನ್ನು ಸ್ವೀಟ್ ಬಾಕ್ಸಿನ ತಳಕ್ಕೆ ಅಂಟಿಸಿದೆ. ಸೈನಿಕರು ಕಚ್ಚಿಕೊಂಡು ನಿಲ್ಲುತ್ತಾರೆ. ಬಾಕ್ಸ್ ಓರೆಯಾದರೂ ಒಬ್ಬರ ಮೇಲೊಬ್ಬರು ಬೀಳಲ್ಲ.

ಗೋಣಿಚೀಲದ ಹೊಲ

ಆಟಕ್ಕೆ ನಾಲ್ಕು ಅಡಿಗೆ ನಾಲ್ಕು ಅಡಿ ಜಾಗ ಬೇಕು. ಡೈನಿಂಗ್ ಟೇಬಲ್ ಮೂರೇ ಅಡಿ ಅಗಲ. ಅಪ್ಪನ ಊಟದ ಪ್ರಶ್ನೆಯೂ ಇತ್ತು. ಹಾಗಾಗಿ ಮಂಚದ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿದೆವು. ಕೆಳಗಿನ ಪ್ಲೈವುಡ್ಡೇ ಯುದ್ಧಭೂಮಿ. ಇಬ್ಬರೂ ಸ್ಟೂಲಿನ ಮೇಲೆ. ಮಂಚದ ನೆತ್ತಿಗೆ ಸರಿಯಾಗಿ ಫ್ಯಾನ್.

ಉತ್ತ ಹೊಲಕ್ಕೆ ಗೋಣಿಚೀಲಕ್ಕಿಂತ ಒಳ್ಳೆಯದು ಇಲ್ಲ. ಬಣ್ಣವೂ ಮಣ್ಣಿನದ್ದೇ, ನೇಯ್ಗೆಯ ಗೆರೆ ನೇಗಿಲ ಸಾಲಿನ ಹಾಗೇ ಕಾಣುತ್ತದೆ. ಎರಡು ಚೀಲ ಬಿಚ್ಚಿ, ಒಗೆದು, ದಬ್ಬಣ ಸುತಳಿಯಲ್ಲಿ ಅಮ್ಮ ಕೂಡಿಸಿ ಹೊಲಿದುಕೊಟ್ಟಳು. ಒಂದು ಕಡೆ ಮೂರು ಇಂಚು ಕಡಿಮೆ ಬಿತ್ತು. ಪರವಾಗಿಲ್ಲ, ಅಜಿನ್‌ಕೋರ್ಟ್ ಇಕ್ಕಟ್ಟಾದ ಜಾಗವೇ. ಒಗೆದ ನೀರು ಮಾತ್ರ ಮೂರು ಸಲ ಚೆಲ್ಲಿದರೂ ಕಂದು ಬಣ್ಣವೇ. ಒಗೆಯದೆ ಹಾಸಿದರೆ ಫ್ಯಾನ್ ಹಾಕಿದಾಗ ಧೂಳು, ನಾರು, ಸೀನು.

ಎರಡೂ ಬದಿಗೆ ಕಾಡು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಪ್ಯಾಡನ್ನು ಕೈಯಲ್ಲೇ ಹರಿದು ಒಣ ಕಡ್ಡಿಗೆ ಚುಚ್ಚಿದರೆ ಮರ. ಕತ್ತರಿಯಲ್ಲಿ ಕತ್ತರಿಸಿದರೆ ಬಿಸ್ಕತ್ತಿನ ಹಾಗೆ ಕಾಣುತ್ತದೆ, ಹರಿಯಲೇಬೇಕು. ಇವಕ್ಕೂ ಬುಡದಲ್ಲಿ ವಾಷರ್ ಮತ್ತು ಎಂಸೀಲ್. ಈ ಹೊತ್ತಿಗೆ ನಮಗೆ ಚಟ ಹತ್ತಿತ್ತು. ನಡುವೆ ಕೆಸರಿನ ಜಾಗ ತೋರಿಸಲು ಹಳೆ ಕಂದು ಟವೆಲಿನ ತುಂಡು.

ಹೆನ್ರಿ ತನ್ನ ಬಿಲ್ಲುಗಾರರಿಗೆಲ್ಲ ಆಳಿಗೊಂದು ಆರು ಅಡಿಯ ಗೂಟ ಕಡಿದು ಎರಡೂ ತುದಿ ಚೂಪು ಮಾಡಿ ಹೊತ್ತು ತರಲು ಹೇಳಿದ್ದ. ಅದನ್ನು ಮುಂದೆ ಓರೆಯಾಗಿ ನೆಟ್ಟು ಕುದುರೆಗಳನ್ನು ತಡೆದರು. ಗೂಟಕ್ಕೆ ಉರಿದು ಉಳಿದ ಊದಿನಕಡ್ಡಿ ಬುಡಗಳೇ ಸಾಕು. ದೇವರ ಮನೆಯಲ್ಲಿ ಒಂದು ಲೋಟ ತುಂಬ ಇದ್ದವು. ಕಾರ್ಡಿನ ಪಟ್ಟಿ, ಅದರ ಮೇಲೆ ಎಂಸೀಲಿನ ಉದ್ದ ಬತ್ತಿ, ಅದರಲ್ಲಿ ಓರೆಯಾಗಿ ಚುಚ್ಚಿದ ಕಡ್ಡಿಗಳು. ನನ್ನ ಇಂಗ್ಲಿಷ್ ಸೈನ್ಯಕ್ಕೆ ಈಗಲೂ ಗಂಧದ ವಾಸನೆ ಇದೆ.

ಅಳತೆಗೆ ಬಡಗಿ ಹತ್ತಿರ ಉಳಿದಿದ್ದ ಬೀಡಿಂಗ್ ಪಟ್ಟಿಯಲ್ಲಿ ಮೂರು ತುಂಡು: 3, 6, 10 ಇಂಚು. ಬಿಲ್ಲು ಈಟಿಯವರು 6 ಇಂಚು ನಡೆಯುತ್ತಾರೆ, ಕವಚದ ಸವಾರರು 10. ಹೊಡೆದಾಟಕ್ಕೆ ಹೋಗದ ಹೊರತು ಒಂದು ತುಕಡಿ ಇನ್ನೊಂದಕ್ಕೆ 3 ಇಂಚಿಗಿಂತ ಹತ್ತಿರ ಬರುವಂತಿಲ್ಲ. ಟೇಪಿಗಿಂತ ಕಡ್ಡಿ ವಾಸಿ. ಟೇಪು ಸುತ್ತಿಕೊಳ್ಳುವಾಗ ನಾಲ್ಕು ಜನರನ್ನು ಎಳೆದುಕೊಂಡೇ ಹೋಗುತ್ತದೆ.

ದಾಳ 12 ಬೇಕು. ಗೋಣಿಯ ಮೇಲೆ ಹಾಕಿದರೆ ಓರೆಯಾಗಿ ನಿಂತು ಜಗಳ. ಸ್ಟೀಲ್ ತಟ್ಟೆಯಲ್ಲಿ ಹಾಕಿದರೆ ಅಪ್ಪನ ಮಧ್ಯಾಹ್ನದ ನಿದ್ದೆ ಹಾಳು. ಕೊನೆಗೆ ಅಕ್ಕಿ ಕೇರುವ ಮೊರ. ಸದ್ದಿಲ್ಲ, ಅಂಚಿಗೆ ತಗುಲಿ ಒಳಗೇ ಉರುಳುತ್ತದೆ. ಧೈರ್ಯ ಕಳೆದುಕೊಂಡ ತುಕಡಿಯ ಪಕ್ಕ ಇಡಲು ಹುಣಸೆ ಬೀಜ.

ಆಟ

ಶನಿವಾರ ಮಧ್ಯಾಹ್ನ ಎರಡಕ್ಕೆ ಶುರು. ಫ್ಯಾನ್ ಐದರಲ್ಲಿ.

ನಿಯಮ ಹೇಳುವುದು ಸುಲಭ. ನಿನ್ನ ಸರದಿಯಲ್ಲಿ ಒಂದೊಂದೇ ತುಕಡಿಗೆ ಅಪ್ಪಣೆ ಕೊಡು: ನಡಿ, ಹೊಡಿ, ಇಲ್ಲ ಬಾಣ ಬಿಡು. ಪ್ರತಿ ಅಪ್ಪಣೆಗೂ ಎರಡು ದಾಳ ಹಾಕಿ ಒಂದು ಸಂಖ್ಯೆ ಮುಟ್ಟಬೇಕು. ಮುಟ್ಟಿದರೆ ಮುಂದಿನ ತುಕಡಿ. ತಪ್ಪಿದರೆ ಸರದಿಯೇ ಮುಗಿಯಿತು, ಎದುರಿನವನ ಕೈಗೆ. ಹಾಗಾಗಿ ಯಾವ ತುಕಡಿಗೆ ಮೊದಲು ಹೇಳಬೇಕು ಅನ್ನೋದೇ ಅರ್ಧ ಆಟ.

ಈ ಆಟದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಕವಚದ ಸವಾರರ ಎರಡು ಸಂಖ್ಯೆಗಳು. ಅವರಿಗೆ "ಹೊಡಿ" ಅಂದರೆ ಎರಡು ದಾಳದಲ್ಲಿ 5 ಬಂದರೆ ಸಾಕು. "ನಡಿ" ಅಂದರೆ 7 ಬೇಕು. ಎರಡು ದಾಳಕ್ಕೆ 36 ಬಗೆ. ಅದರಲ್ಲಿ 5 ಅಥವಾ ಜಾಸ್ತಿ ಬೀಳುವುದು 30 ಬಗೆಯಲ್ಲಿ, 7 ಅಥವಾ ಜಾಸ್ತಿ 21ರಲ್ಲಿ ಮಾತ್ರ. ಅಂದರೆ ನುಗ್ಗು ಅಂದರೆ ಆರರಲ್ಲಿ ಐದು ಸಲ ನುಗ್ಗುತ್ತಾರೆ. ಸುಮ್ನೆ ನಾಲ್ಕು ಹೆಜ್ಜೆ ನಡಿ ಅಂದರೆ ಹತ್ತರಲ್ಲಿ ನಾಲ್ಕು ಸಲ ಮಾತೇ ಕೇಳಲ್ಲ. ಅದೂ ಸಾಲದು ಅಂತ, ಶತ್ರು ಕೈಗೆಟುಕುವಷ್ಟು ಹತ್ತಿರ ಇದ್ದರೆ ಸರದಿಯ ಶುರುವಿನಲ್ಲೇ ನುಗ್ಗಲು ದಾಳ ಹಾಕಲೇಬೇಕು, ನಿನಗೆ ಇಷ್ಟ ಇರಲಿ ಇಲ್ಲದಿರಲಿ. ದೊಡ್ಡ ಮನೆತನದ ಹುಡುಗರ ಕೈಗೆ ಒಳ್ಳೆ ಕುದುರೆ ಕೊಟ್ಟರೆ ಏನಾಗುತ್ತದೆ ಅನ್ನೋದನ್ನು ಎರಡು ಸಂಖ್ಯೆಯಲ್ಲಿ ಹೇಳಿದ್ದಾರೆ.

ಅಳಿಯನಿಗೆ ಇದನ್ನು ಲೆಕ್ಕ ಮಾಡಿಯೇ ತೋರಿಸಿದೆ. "ಸ್ಕೂಲಲ್ಲಿ ಹಿಂಗೆ ಹೇಳ್ಕೊಡಲ್ಲ" ಅಂದ. ಅದೇ ಲೆಕ್ಕ ಕಣೋ ಅಂದರೆ ನಂಬಲಿಲ್ಲ.

ಮೊದಲ ಮೂರು ಸರದಿ ನನ್ನ ಬಿಲ್ಲುಗಾರರದ್ದೇ. ಒಂದು ತುಕಡಿಗೆ 12 ದಾಳ, 5 ಅಥವಾ 6 ಬಿದ್ದರೆ ಏಟು. ಲೆಕ್ಕಕ್ಕೆ ನಾಲ್ಕು ಏಟು. ಆದರೆ ಕವಚದ ಸವಾರನ ರಕ್ಷಣೆ 4, ಅಂದರೆ ನಾಲ್ಕು ಏಟಿಗೆ ಒಬ್ಬ ಬೀಳುತ್ತಾನೆ. ಮೂರು ತುಕಡಿ ಬಾಣ ಬಿಟ್ಟರೂ ಇಬ್ಬರು ಮೂವರು, ಅಷ್ಟೇ. ಅಳಿಯ ಬಿದ್ದವರನ್ನು ಎತ್ತಿ ಸ್ವೀಟ್ ಬಾಕ್ಸಿಗೆ ಹಾಕುವಾಗ ಒಬ್ಬೊಬ್ಬರನ್ನೂ ನೋಡಿ ಹಾಕುತ್ತಿದ್ದ. ಬಣ್ಣ ಹಾಕಿದವನು ಅವನೇ ಅಲ್ವಾ.

ಬಲಗಡೆಯ ಸವಾರರು ನನ್ನ ಒಂದು ಬಿಲ್ಲುಗಾರರ ತುಕಡಿಗೆ 9 ಇಂಚು ದೂರದಲ್ಲಿದ್ದರು. ಅವನಿಗೆ ಅವರನ್ನು ತಡೆದು ಈಟಿಯವರು ಬರುವ ತನಕ ಕಾಯುವ ಆಸೆ. ನಿಯಮ ಬಿಡಬೇಕಲ್ಲ. ದಾಳ ಹಾಕಿದ, 8. ನುಗ್ಗಿದರು.

ಗೂಟದ ಬಗ್ಗೆ ನಮ್ಮದೇ ಒಂದು ನಿಯಮ ಇತ್ತು, ಪುಸ್ತಕದ್ದಲ್ಲ. ಸಾಮಾನ್ಯವಾಗಿ ಸವಾರರು ನುಗ್ಗಿದರೆ 3 ಅಥವಾ ಜಾಸ್ತಿ ಬಿದ್ದದ್ದೆಲ್ಲ ಏಟು, 12 ದಾಳಕ್ಕೆ ಎಂಟು. ಬಿಲ್ಲುಗಾರನ ರಕ್ಷಣೆ 2, ಅಲ್ಲಿಗೆ ನಾಲ್ಕು ಜನ ಹೋದ ಹಾಗೆ. ಗೂಟದ ಮುಂದೆ ಆದರೆ 5 ಅಥವಾ 6 ಬಿದ್ದರೆ ಮಾತ್ರ ಏಟು ಅಂತ ಇಟ್ಟುಕೊಂಡೆವು. ಮೊರದಲ್ಲಿ 12 ದಾಳ ಉರುಳಿದವು. ಮೂರೇ ಏಟು. ನನ್ನವನೊಬ್ಬ ಬಿದ್ದ. ನಾನು ತಿರುಗಿ ಹಾಕಿದೆ, ಐದು ಏಟು, ಅವನವನೊಬ್ಬ. ಸಮ ಸಮ.

ಎರಡನೇ ಸಲ ನುಗ್ಗಿದಾಗ ಹಾಗಾಗಲಿಲ್ಲ. ಎರಡು ಕುದುರೆ ಬಿದ್ದವು. ಉಳಿದವರು ಧೈರ್ಯ ಪರೀಕ್ಷೆಗೆ ದಾಳ ಹಾಕಬೇಕು, ಬಿದ್ದವರು ಹೆಚ್ಚಾದಷ್ಟು ಪಾಸಾಗುವುದು ಕಷ್ಟ. ಫೇಲ್. ಹಿಂದೆ ಸರಿದು ಟವೆಲಿನ ಕೆಸರಿನ ನಡುವೆ ನಿಂತರು, ಪಕ್ಕದಲ್ಲಿ ಹುಣಸೆ ಬೀಜ. ಅಷ್ಟರಲ್ಲಿ ಎಡಗಡೆ ಅವನ ಈಟಿಯವರು ಕಾಡಿನ ಅಂಚಿಗೆ ಬಂದು ನನ್ನ ಚಿಲ್ಲರೆ ಪಡೆಯನ್ನು ಓಡಿಸಿದ್ದರು. ಅದನ್ನು ನಾನು ಸರಿಯಾಗಿ ಗಮನಿಸಿರಲಿಲ್ಲ. ಬಿಲ್ಲುಗಾರರು ಹತ್ತಿರದ ಹೊಡೆದಾಟಕ್ಕೆ ಆಗಿಬರಲ್ಲ. ಒಂದು ತುಕಡಿ ಪೂರ್ತಿ ಹೋಯಿತು, ಇನ್ನೊಂದು ಅರ್ಧ.

ನಾಲ್ಕೂವರೆ ಹೊತ್ತಿಗೆ ಲೆಕ್ಕ ಹಾಕಿದರೆ ಇಬ್ಬರದ್ದೂ ಅರ್ಧರ್ಧ ಸೈನ್ಯ. ನನ್ನ ಹೆನ್ರಿಯ ಬಾವುಟ ಪೊರಕೆ ಕಡ್ಡಿಗೆ ಅಂಟಿಸಿದ ಕಾಗದದ್ದು, ಫ್ಯಾನ್ ಗಾಳಿಗೆ ನಿಜವಾದ ಬಾವುಟದ ಹಾಗೆ ಪಟಪಟ ಅನ್ನುತ್ತಿತ್ತು. ಸೈನಿಕ ಒಬ್ಬನೂ ಅಲ್ಲಾಡಿರಲಿಲ್ಲ. ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದರು. ಸುಮ್ನೆ ಕೈ ಚಾಚಿ ಒಂದು ಕುದುರೆಯನ್ನು ಬೆರಳಲ್ಲಿ ತಳ್ಳಿ ಪರೀಕ್ಷೆ ಮಾಡಿದರು. ಬೀಳಲಿಲ್ಲ. "ಪರವಾಗಿಲ್ಲ" ಅಂದು ಹೋದರು.

ಅಳಿಯನ ಸರದಿ. ಕೆಸರಲ್ಲಿದ್ದ ಸವಾರರು ಚೇತರಿಸಿಕೊಂಡಿದ್ದರು. ಅವರನ್ನು ಅಲ್ಲಿಂದ ಹೊರಗೆ ತಂದು ಈಟಿಯವರ ಜೊತೆ ಸೇರಿಸಿದರೆ ನನ್ನ ಕಥೆ ಮುಗಿದ ಹಾಗೆ. ಹತ್ತಿರದಲ್ಲಿ ನುಗ್ಗಲು ಯಾರೂ ಇಲ್ಲ. ನಡೆಯಬೇಕು. 7 ಬೇಕು.

ಎರಡು ದಾಳ ಮೊರಕ್ಕೆ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು.

ಫ್ಯಾನ್ ನಿಧಾನಕ್ಕೆ ನಿಂತಿತು. ಬಾವುಟ ಕಡ್ಡಿಗೆ ಮೆತ್ತಿಕೊಂಡಿತು. ಕಿಟಕಿ ಬೇರೆ ಸೆಕೆಗೆ ಮುಚ್ಚಿದ್ದೆವು, ಕೋಣೆ ಮಬ್ಬು. ಇಬ್ಬರೂ ಮೊರದ ಮೇಲೆ ಬಗ್ಗಿದೆವು. ನನ್ನ ಮೊಬೈಲ್ ಟಾರ್ಚ್ ಹಾಕಿದೆ.

4, 2.

"ಮಾಮಾ, ಕತ್ತಲಲ್ಲಿ ಬಿದ್ದಿದ್ದು ಲೆಕ್ಕಕ್ಕಿಲ್ಲ. ಕರೆಂಟ್ ಬಂದ್ಮೇಲೆ ಇನ್ನೊಂದ್ಸಲ ಹಾಕ್ತೀನಿ."

"ಇಲ್ಲ."

"ಫ್ಯಾನ್ ಇಲ್ದೆ ಆಟ ಆಡೋ ಹಂಗಿಲ್ಲ ಅಂತ ನೀನೇ ಅಂದಿದ್ದೆ."

"ಫ್ಯಾನಿಗೆ ಬೀಳಬಾರದು ಅಂದಿದ್ದೆ. ದಾಳ ಇತ್ಲಾಗೆ ಕೊಡು."